ಕುಡಿದವನ ಸಾಕ್ಷಿ

ಕುಡಿದವನು ಸುಳ್ಳು ಹೇಳಲ್ಲ ಅನ್ನೋ ನಂಬಿಕೆ ಇಲ್ಲದ ಊರು ಇರಲಿಕ್ಕಿಲ್ಲ. ನಮ್ಮ ಹಳ್ಳಿಖೇಡದ ಕಡೆ ಹೇಳೋ ರೀತಿ ಇನ್ನೂ ಚೆಂದ: "ಒಳಗ ಇಳೀತಂದ್ರ ಒಳಗಿಂದೆಲ್ಲಾ ಹೊರಗ ಬರ್ತದ." ದ್ರಾಕ್ಷಾರಸದಲ್ಲಿ ಸತ್ಯ ಇದೆ ಅಂತ ರೋಮನ್ನರದ್ದೂ ಒಂದು ಗಾದೆ ಇತ್ತು. ಬದುವಿನ ಜಗಳ ಇರಲಿ, ಬಣವೆಗೆ ಬೆಂಕಿ ಹಚ್ಚಿದ್ದು ಯಾರು ಅನ್ನೋ ಪ್ರಶ್ನೆ ಇರಲಿ, "ಸಂಜೀಗಿ ಒಂದು ಕ್ವಾರ್ಟರ್ ಕುಡಸ್ರಿ, ತಾನೇ ಬಾಯಿ ಬಿಡ್ತಾನ" ಅಂತ ಸಲಹೆ ಕೊಡೋ ಹಿರಿಯರು ಒಬ್ಬರಾದ್ರೂ ಸಿಗ್ತಾರೆ.

ನಾನು ಬಿಇ ಮಾಡಿ ಕೋಡ್ ಬರೆಯೋ ಮನುಷ್ಯ, ವಕೀಲ ಅಲ್ಲ. ಆದ್ರೆ ಕುಡಿದವನ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನೋ ಪ್ರಶ್ನೆಗೆ ಬರೆದಿಟ್ಟ ಹಳೇ ಉತ್ತರಗಳಲ್ಲಿ ಒಂದು ಹುಮನಾಬಾದ್ ದಾಟಿದ್ರೆ ಸಿಗೋ ಬಸವಕಲ್ಯಾಣದಲ್ಲೇ ಹುಟ್ಟಿದ್ದು ಅಂತ ಗೊತ್ತಾದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಕಲ್ಯಾಣ ಅಂದ್ರೆ ನಮಗೆಲ್ಲ ಬಸವಣ್ಣ, ಅನುಭವ ಮಂಟಪ ನೆನಪಾಗುತ್ತೆ. ಅದಕ್ಕೂ ಸ್ವಲ್ಪ ಮುಂಚೆ, ಚಾಲುಕ್ಯ ಆರನೇ ವಿಕ್ರಮಾದಿತ್ಯ ಇಲ್ಲಿಂದ ಆಳ್ತಿದ್ದ ಕಾಲಕ್ಕೆ, ಅಂದ್ರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನೋ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಅಂತ ಹೇಳ್ತಾರೆ. ಸಂಸ್ಕೃತದಲ್ಲಿ ಬರೆದ ಈ ಪುಸ್ತಕದ ಒಂದು ಭಾಗ ಪೂರ್ತಿ ವ್ಯವಹಾರದ ಬಗ್ಗೆ. ವ್ಯವಹಾರ ಅಂದ್ರೆ ಇಲ್ಲಿ ಮೊಕದ್ದಮೆ, ಸಾಲ, ಸಾಕ್ಷಿ, ದಿವ್ಯ ಪರೀಕ್ಷೆ ಎಲ್ಲಾ.

ಅದರಲ್ಲಿ ಕುಡಿದವನು ಎರಡು ಕಡೆ ಬರ್ತಾನೆ. ಮೊದಲನೇದು, ಯಾರು ಹೂಡಿದ ವ್ಯವಹಾರ ನಿಲ್ಲೋದಿಲ್ಲ ಅನ್ನೋ ಪಟ್ಟಿಯಲ್ಲಿ. ಮತ್ತ, ಉನ್ಮತ್ತ, ರೋಗಿ, ದುಃಖದಲ್ಲಿ ಮುಳುಗಿದವನು, ಬಾಲಕ, ಹೆದರಿದವನು ಎಲ್ಲರೂ ಒಂದೇ ಸಾಲಲ್ಲಿ. ಎರಡನೇದು, ಸಾಕ್ಷಿ ಆಗಬಾರದವರ ಪಟ್ಟಿಯಲ್ಲಿ, ಜೂಜುಕೋರ, ಕೂಟಪತ್ರ ಮಾಡೋನು, ವೈರಿ ಇವರ ಜೊತೆ. ಮತ್ತ ಅಂದ್ರೆ ಯಾರು ಅಂತ ವಿಜ್ಞಾನೇಶ್ವರ ಬಿಡಿಸಿ ಹೇಳ್ತಾನೆ: ಅಮಲು ಬರಿಸೋ ಪದಾರ್ಥದಿಂದ ಮತ್ತೇರಿದವನು. ಸೊಕ್ಕಿನಿಂದಲ್ಲ, ಪ್ರೇಮದಿಂದಲ್ಲ, ಕುಡಿತದಿಂದ. (ಈ ಎರಡನೇ ಪಟ್ಟಿಯಲ್ಲಿ ಹೆಂಗಸರನ್ನೂ ಸೇರಿಸಿದಾರೆ. ಆದ್ದರಿಂದ ಹಳೇದೆಲ್ಲ ಹೊನ್ನು ಅಂತ ನಾನೇನೂ ಹೇಳ್ತಿಲ್ಲ.)

ನನಗೆ ಹಿಡಿಸಿದ್ದು ಮೊದಲನೇ ಪಟ್ಟಿ. ಅಲ್ಲಿ ಕುಡಿದವನು ಪಾಪಿ ಅನ್ನೋ ಕಾರಣಕ್ಕೆ ಹೊರಗಿಲ್ಲ. ಜ್ವರ ಬಂದವನು, ಹೆದರಿದವನು ಪಾಪಿಗಳಲ್ಲವಲ್ಲ. ಆ ಹೊತ್ತಿಗೆ ಅವನ ಮನಸ್ಸು ಅವನ ಕೈಯಲ್ಲಿಲ್ಲ, ಬೇರೆಯವರು ಎಳೆದ ಕಡೆ ಹೋಗುತ್ತೆ ಅನ್ನೋದೇ ಈ ಆರು ಜನರನ್ನ ಒಂದು ಮಾಡೋ ಎಳೆ ಅಂತ ನಾನು ಓದಿಕೊಳ್ತೀನಿ. ಕಲ್ಯಾಣದವರಿಗೆ ಕುಡಿತ ಗೊತ್ತಿಲ್ಲದ ಸಂಗತಿಯೂ ಅಲ್ಲ. ಮುಂದೆ ಶರಣರ ಸಾಲಲ್ಲೇ ಹೆಂಡದ ಮಾರಯ್ಯ ಇದ್ದ. ಅವನ ಕಸುಬು ಹೆಸರಲ್ಲೇ ಇದೆ.

ಆಮೇಲೆ ಈ ನೆಲಕ್ಕೆ ಬೇರೆ ರಾಜರು, ಬೇರೆ ಕಾನೂನು ಬಂತು. ಬೀದರ ಬಹಮನಿಗಳ ರಾಜಧಾನಿ ಆಯ್ತು, ಬರೀದಶಾಹಿ ಬಂತು, ಕೊನೆಗೆ ನಿಜಾಮರು. ನಮ್ಮೂರ ಹೆಸರಿನ ಬಾಲದಲ್ಲಿರೋ (ಬಿ) ಕೂಡ ಆ ಕಾಲದ್ದೇ. ಅದು ಬುಜುರ್ಗ್, ಅಂದ್ರೆ ದೊಡ್ಡದು. ಖುರ್ದ್ ಅಂದ್ರೆ ಸಣ್ಣದು, (ಕೆ). ಪೊಲೀಸ್ ಠಾಣೆಯ ಮಾತುಗಳೂ ಹಾಗೇ: ಪಂಚನಾಮೆ, ಗವಾಹಿ, ಕಬೂಲಿ, ಮುದ್ದೆಮಾಲು. ಹಿಂದೂಸ್ತಾನದ ಖಾಜಿಗಳಿಗೆ ಪಾಠಪುಸ್ತಕದಂತಿದ್ದ ಹನಫಿ ಗ್ರಂಥ ಹಿದಾಯಾ. ಬರೆದವನು ಮಧ್ಯ ಏಷ್ಯಾದ ಫರ್ಗಾನಾ ಕಡೆಯ ಮರ್ಗಿನಾನಿ, 12ನೇ ಶತಮಾನದವನು. ಕುಡಿದವನು ಅಮಲಿನಲ್ಲಿ ತನ್ನ ಮೇಲೆ ತಾನೇ ತಪ್ಪು ಒಪ್ಪಿಕೊಂಡರೆ ಹದ್ ಶಿಕ್ಷೆ ಕೊಡಬಾರದು ಅಂತಾನೆ ಅವನು, ಕಾರಣ ಆ ಮಾತು ಸುಳ್ಳಾಗಿರೋ ಸಾಧ್ಯತೆ ಹೆಚ್ಚು. ಇದು ಎಲ್ಲಾ ವಿಷಯಕ್ಕೂ ಅಲ್ಲ. ಇನ್ನೊಬ್ಬರ ಹಕ್ಕಿಗೆ ಧಕ್ಕೆ ಮಾಡೋ ಮಾತಾಡಿದ್ರೆ ಅಮಲು ನೆಪ ಆಗಲ್ಲ. ಆದ್ರೂ ನೋಡಿ, ಒಬ್ಬರನ್ನೊಬ್ಬರು ಕೇಳೇ ಇರದ ಇಬ್ಬರು ಪಂಡಿತರು, ಒಬ್ಬ ಕಲ್ಯಾಣದಲ್ಲಿ, ಒಬ್ಬ ಫರ್ಗಾನಾದಲ್ಲಿ, ಹತ್ತಿರ ಹತ್ತಿರ ಒಂದೇ ಕಾಲಕ್ಕೆ "ಕುಡಿದವನು ಸತ್ಯ ಹೇಳ್ತಾನೆ" ಅನ್ನೋ ಗಾದೆಯನ್ನ ಪಕ್ಕಕ್ಕಿಟ್ಟಿದ್ರು.

ಆ ಗಾದೆಯನ್ನ ಮತ್ತೆ ಒಳಗೆ ಕರಕೊಂಡು ಬಂದದ್ದು ಇಂಗ್ಲೆಂಡು. 1835ರಲ್ಲಿ ಸ್ಪಿಲ್ಸ್‌ಬರಿ ಅನ್ನೋ ಆರೋಪಿಯ ಪ್ರಕರಣ. ಬಾಯಿ ಬಿಡಲಿ ಅಂತ ಪೊಲೀಸನೇ ಅವನಿಗೆ ಕುಡಿಸಿದ್ದ ಅನ್ನೋದು ಆಕ್ಷೇಪ. ನ್ಯಾಯಾಧೀಶ ಕೋಲ್‌ರಿಜ್, ಕುಡಿದಿದ್ದ ಅನ್ನೋ ಮಾತ್ರಕ್ಕೆ ತಪ್ಪೊಪ್ಪಿಗೆಯನ್ನ ತಳ್ಳಿಹಾಕೋಕೆ ಆಗಲ್ಲ, ಎಷ್ಟು ನಂಬಬೇಕು ಅನ್ನೋದನ್ನ ಜ್ಯೂರಿ ನೋಡಿಕೊಳ್ಳಲಿ ಅಂದ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಭಾರತೀಯ ಸಾಕ್ಷ್ಯ ಅಧಿನಿಯಮ ಬರೆಯುವಾಗ ಈ ನಿಲುವೇ 29ನೇ ಕಲಮಿನಲ್ಲಿ ಬಂದು ಕೂತಿತು. ಗುಟ್ಟಾಗಿಡ್ತೀನಿ ಅಂತ ಮಾತುಕೊಟ್ಟು ಹೇಳಿಸಿದ್ರೂ, ಮೋಸ ಮಾಡಿ ಹೇಳಿಸಿದ್ರೂ, ಹೇಳುವಾಗ ಅವನು ಕುಡಿದಿದ್ರೂ, ಅಷ್ಟೇ ಕಾರಣಕ್ಕೆ ತಪ್ಪೊಪ್ಪಿಗೆ ಅಪ್ರಸ್ತುತ ಆಗೋದಿಲ್ಲ ಅನ್ನೋದು ಅದರ ಸಾರ.

ಇಲ್ಲೊಂದು ತಮಾಷೆ ಇದೆ. ಈ ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಅದೇ ದಿನ ಜಾರಿಗೆ ಬಂದ ಇನ್ನೊಂದು ಕಾಯ್ದೆ ಭಾರತೀಯ ಕರಾರು ಅಧಿನಿಯಮ. ಅದರ 12ನೇ ಕಲಮಿನ ಉದಾಹರಣೆಯಲ್ಲಿ, ಜ್ವರದಿಂದ ಕನವರಿಸೋನು ಅಥವಾ ಷರತ್ತು ಅರ್ಥ ಆಗದಷ್ಟು ಕುಡಿದವನು ಆ ಸ್ಥಿತಿ ಇರೋ ತನಕ ಕರಾರು ಮಾಡಲಾರ ಅಂತಿದೆ. ರೋಗಿ ಮತ್ತು ಮತ್ತ, ಅಕ್ಕಪಕ್ಕ, ಥೇಟ್ ಮಿತಾಕ್ಷರದ ಸಾಲಿನ ಹಾಗೆ! 1860ರ ದಂಡ ಸಂಹಿತೆಯ 90ನೇ ಕಲಮು ಕೂಡ ಅಮಲಿನಲ್ಲಿ ಅರ್ಥ ಆಗದೇ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತಿತ್ತು. ಅಂದ್ರೆ ಮತ್ತೇರಿದವನು ಎರಡು ಎಕರೆ ಹೊಲ ಬರೆದುಕೊಟ್ಟರೆ ಆ ಕಾಗದ ಬಿದ್ದುಹೋಗಬಹುದು. ಅದೇ ಹೊತ್ತಿಗೆ "ಕೊಲೆ ನಾನೇ ಮಾಡಿದೆ" ಅಂದ್ರೆ ಆ ಮಾತು ಕೋರ್ಟಿನ ತನಕ ಹೋಗಬಹುದು. ಹೊಲಕ್ಕಿರೋ ರಕ್ಷಣೆ ಕೊರಳಿಗಿಲ್ಲ.

ಮಿತಾಕ್ಷರವನ್ನ ಇಂಗ್ಲಿಷರು ಓದಿರಲಿಲ್ಲ ಅಂತಲ್ಲ. ಅದರ ದಾಯಭಾಗದ ಅಧ್ಯಾಯವನ್ನ ಕೋಲ್‌ಬ್ರೂಕ್ 1810ರಲ್ಲೇ ಅನುವಾದ ಮಾಡಿದ್ದ. ಬಂಗಾಳದ ಕಡೆ ಬಿಟ್ಟು ಉಳಿದೆಲ್ಲ ಕಡೆ ಹಿಂದೂ ಆಸ್ತಿ ಹಂಚಿಕೆಗೆ 1956ರ ತನಕ ಕಲ್ಯಾಣದ ಈ ಪುಸ್ತಕವೇ ಆಧಾರ. ಅಣ್ಣತಮ್ಮಂದಿರ ಪಾಲಿಗೆ ವಿಜ್ಞಾನೇಶ್ವರ ಬೇಕಾದ, ಸಾಕ್ಷಿ ವಿಷಯಕ್ಕೆ ಬೇಡವಾದ. ನಮ್ಮ ಬೀದರ ಜಿಲ್ಲೆಯಂತೂ ನಿಜಾಮರ ಸಂಸ್ಥಾನದಲ್ಲಿತ್ತು, ಅಲ್ಲಿಗೆ ಅದರದ್ದೇ ಕಾಯ್ದೆಗಳು. ಸ್ಟೀಫನ್‌ನ ಕಾಯ್ದೆ ನೇರವಾಗಿ ನಮಗೆ ಅನ್ವಯ ಆಗಿದ್ದು 1951ರಲ್ಲಿ.

ಸ್ಟೀಫನ್‌ಗೆ ಅನ್ಯಾಯ ಮಾಡಬಾರದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನ ಸಾಬೀತು ಮಾಡೋ ಹಾಗಿಲ್ಲ ಅಂತ 25ನೇ ಕಲಮಿನಲ್ಲಿ ಬಾಗಿಲು ಹಾಕಿದ್ದೂ ಅವನ ಕಾಯ್ದೆಯೇ. ಹಾಗಾಗಿ ಠಾಣೆಯಲ್ಲಿ ಕುಡಿಸಿ ಹೇಳಿಸಿದ್ದು ಅಷ್ಟು ಸುಲಭವಾಗಿ ಸಾಕ್ಷ್ಯ ಆಗಲ್ಲ. 29ನೇ ಕಲಮು ಕಚ್ಚೋದು ಠಾಣೆಯ ಹೊರಗೆ. ಸಾರಾಯಿ ಅಂಗಡಿ ಬೆಂಚಿನ ಮೇಲೆ, ಭಾವನ ಮನೆ ಅಂಗಳದಲ್ಲಿ, ಗೆಳೆಯನ ಮುಂದೆ ಆಡಿದ ಮಾತಿಗೆ. ಕೋರ್ಟಿನ ಭಾಷೆಯಲ್ಲಿ ನ್ಯಾಯಾಂಗೇತರ ತಪ್ಪೊಪ್ಪಿಗೆ. ನಮ್ಮಂಥ ಊರಲ್ಲಿ ಮಾತು ಹುಟ್ಟೋದೇ ಅಲ್ಲಿ. ಹಳ್ಳಿಖೇಡದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಕಬ್ಬಿನ ಸೀಮೆ ಇದು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯೋದು ಕಾಕಂಬಿ, ಅದರಿಂದಲೇ ಸಾರಾಯಿಯ ಸ್ಪಿರಿಟ್ಟು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಬೆಂಚು ಹಾಗೇ ಇದೆ.

ಕುಡಿಸಿ ಬಾಯಿ ಬಿಡಿಸೋ ಆಸೆ 20ನೇ ಶತಮಾನದಲ್ಲಿ ಬಾಟಲಿಯಿಂದ ಸೂಜಿಗೆ ಬಡ್ತಿ ಪಡೀತು. ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ಹೌಸ್ ಅನ್ನೋ ಹೆರಿಗೆ ಡಾಕ್ಟರ್ 1916ರಲ್ಲಿ ಒಬ್ಬಾಕೆಗೆ ನೋವು ಮರೆಸೋಕೆ ಸ್ಕೋಪೊಲಮಿನ್ ಕೊಟ್ಟಿದ್ದ. ಮಗು ತೂಗೋ ತಕ್ಕಡಿ ಎಲ್ಲಿದೆ ಅಂತ ಗಂಡನನ್ನ ಕೇಳಿದ್ರೆ ಅವನಿಗೆ ಸಿಗಲಿಲ್ಲ. ಮಂಪರಿನಲ್ಲಿದ್ದ ಬಾಣಂತಿ ಎಲ್ಲಿದೆ ಅಂತ ಕರೆಕ್ಟಾಗಿ ಹೇಳಿದ್ಲು. ಹೌಸ್‌ಗೆ ಅಷ್ಟೇ ಸಾಕಾಯ್ತು. 1922ರಲ್ಲಿ ಡಲ್ಲಾಸ್ ಜೈಲಿನ ಕೈದಿಗಳ ಮೇಲೆ ಪ್ರಯೋಗ, ಅಲ್ಲಿಂದ "ಸತ್ಯದ ಔಷಧಿ" ಅನ್ನೋ ಹೆಸರು. ತಕ್ಕಡಿ ಎಲ್ಲಿದೆ ಅನ್ನೋದಕ್ಕೂ ಕೊಲೆ ಯಾರು ಮಾಡಿದ್ರು ಅನ್ನೋದಕ್ಕೂ ಇರೋ ಅಂತರ ಯಾರೂ ಕೇಳಲಿಲ್ಲ. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟೌನ್‌ಸೆಂಡ್ ಪ್ರಕರಣದಲ್ಲಿ, ಇಂಥ ಔಷಧಿಯ ಪ್ರಭಾವದಿಂದ ಹೊರಟ ತಪ್ಪೊಪ್ಪಿಗೆ ನಡೆಯಲ್ಲ ಅಂದಿತು.

ಅವರು ಬಿಟ್ಟದ್ದನ್ನ ನಾವು ಬೆಂಗಳೂರಲ್ಲಿ ಹಿಡಕೊಂಡ್ವಿ. 2000ದ ನಂತರದ ದಶಕದಲ್ಲಿ ದೇಶದ ಮೂಲೆಮೂಲೆಯಿಂದ ಆರೋಪಿಗಳನ್ನ ಮಂಪರು ಪರೀಕ್ಷೆಗೆ ಇಲ್ಲಿಗೆ ಕರಕೊಂಡು ಬರ್ತಿದ್ರು. ಛಾಪಾ ಕಾಗದದ ತೆಲಗಿಯ ಮಂಪರು ವಿಡಿಯೋ ಟಿವಿಯಲ್ಲಿ ಮತ್ತೆ ಮತ್ತೆ ಬಂದದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಕೊಡ್ತಿದ್ದದ್ದು ಸೋಡಿಯಂ ಪೆಂಟೊಥಾಲ್, ಬಾರ್ಬಿಟ್ಯುರೇಟ್ ಜಾತಿಯದು. ಮೆದುಳಿನಲ್ಲಿ ಗಾಬಾ ಅನ್ನೋ ಬ್ರೇಕ್ ಇದೆ. ಬಾರ್ಬಿಟ್ಯುರೇಟೂ ಆಲ್ಕೋಹಾಲೂ ಎರಡೂ ಆ ಬ್ರೇಕನ್ನೇ ಒತ್ತೋದು. ಬಿಳಿ ಕೋಟು ತೆಗೆದು ನೋಡಿದ್ರೆ ಅದು ನಮ್ಮ ಕ್ವಾರ್ಟರ್ ಸಲಹೆಯೇ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಇದನ್ನ ಮಾಡೋದು ಸಂವಿಧಾನದ 20(3) ಮತ್ತು 21ನೇ ವಿಧಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸೂಜಿಗೆ ಬೇಡಿ ಬಿತ್ತು. ಬಾಟಲಿಯ ಕಲಮು ಹಾಗೇ ಉಳೀತು.

ಹಾಗಾದ್ರೆ ಕುಡಿದವನು ನಿಜಕ್ಕೂ ಕೇಳಿದವರ ತಾಳಕ್ಕೆ ಕುಣೀತಾನಾ? ಇದನ್ನ ಅಳೆಯೋಕೆ ಐಸ್‌ಲ್ಯಾಂಡ್ ಮೂಲದ ಮನಃಶಾಸ್ತ್ರಜ್ಞ ಗಿಸ್ಲಿ ಗುಡ್ಯೋನ್ಸನ್ 1984ರಲ್ಲಿ ಒಂದು ಅಳತೆಗೋಲು ಮಾಡಿದ್ರು. ಒಂದು ಕಥೆ ಹೇಳೋದು, ಆಮೇಲೆ ಕಥೆಯಲ್ಲಿ ಇಲ್ಲದ್ದನ್ನ ಇದೆ ಅನ್ನೋ ಹಾಗೆ ಪ್ರಶ್ನೆ ಕೇಳೋದು, "ಸುಮಾರು ತಪ್ಪು ಹೇಳಿದ್ದೀರಿ, ಇನ್ನೊಮ್ಮೆ ಹೇಳಿ" ಅಂತ ಗದರಿಸಿ ಮತ್ತೆ ಕೇಳೋದು. ಎಷ್ಟು ಸಲ ಬಾಗಿದ, ಎಷ್ಟು ಸಲ ಮಾತು ಬದಲಿಸಿದ ಅನ್ನೋದೇ ಅಂಕ. 1999ರಲ್ಲಿ ಫಿನ್ಲೆಂಡಿನ ಸಾಂಟಿಲಾ ಮತ್ತು ಜೊತೆಗಾರರು ಜನರಿಗೆ ಕುಡಿಸಿ ಇದೇ ಪರೀಕ್ಷೆ ಮಾಡಿದ್ರು. ಕುಡಿದವರು ಕಡಿಮೆ ಬಾಗಿದ್ರು! ಯೋಚಿಸಿದ್ರೆ ಆಶ್ಚರ್ಯ ಇಲ್ಲ. ಪ್ರಶ್ನೆ ಕೇಳೋನ ಎದುರು ಬಾಗಿಸೋದು ಅಂಜಿಕೆ, ಕುಡಿತ ಮೊದಲು ಕಳೆಯೋದು ಅದನ್ನೇ. ಪೊಲೀಸಪ್ಪನಿಗೇ ಎದುರು ಮಾತಾಡೋ ಕುಡುಕನನ್ನ ನೋಡದವರು ಯಾರು? ಲ್ಯಾಬಿನಲ್ಲಿ ಕುಡಿಸೋದು ಮಿತವಾಗಿ ಅನ್ನೋದು ಬೇರೆ ಮಾತು.

ನನ್ನ ಪ್ರಕಾರ ಎಡವಟ್ಟು ಇರೋದು ಇಲ್ಲಿ. ಮಿತಾಕ್ಷರ, ಹಿದಾಯಾ, 1872ರ ಕಾಯ್ದೆ, ಮೂರೂ ಕೇಳೋದು ಒಂದೇ ಪ್ರಶ್ನೆ: ಹೇಳುವಾಗ ಅವನು ಕುಡಿದಿದ್ದನಾ? ಘಟನೆ ನಡೆಯುವಾಗ ಕುಡಿದಿದ್ದು, ಈಗ ಮುಖ ತೊಳಕೊಂಡು, ಬಿಳಿ ಅಂಗಿ ಹಾಕ್ಕೊಂಡು ಸಾಕ್ಷಿ ಹೇಳೋಕೆ ನಿಂತವನ ಬಗ್ಗೆ ಮೂವರೂ ಸುಮ್ಮನಿದ್ದಾರೆ. ಅಸಲಿ ಅಪಾಯ ಅವನದ್ದು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡೊನಾಲ್ಡ್ ಗುಡ್ವಿನ್ ಅನ್ನೋ ವೈದ್ಯ 1970ರ ಹೊತ್ತಿಗೆ ಒಂದು ಪ್ರಯೋಗ ಮಾಡಿದ್ರು. ಕುಡಿತದ ಚಟ ಇದ್ದವರಿಗೆ ಚೆನ್ನಾಗಿ ಕುಡಿಸಿ, ಮುಚ್ಚಿದ ಬಾಣಲೆ ತೋರಿಸಿ "ಹಸಿವಾ? ಇದರಲ್ಲಿ ಮೂರು ಸತ್ತ ಇಲಿ ಇವೆ" ಅನ್ನೋದು. ಎರಡು ನಿಮಿಷ ಆದ ಮೇಲೆ ಕೇಳಿದ್ರೆ ಎಲ್ಲರಿಗೂ ನೆನಪಿತ್ತು. ಅರ್ಧ ಗಂಟೆ ಆದ ಮೇಲೆ ಕೆಲವರಿಗೆ ಬಾಣಲೆಯೂ ಇಲ್ಲ, ಇಲಿಯೂ ಇಲ್ಲ. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಪ್ರೋಗ್ರಾಂ ಓಡ್ತಾ ಇದೆ, ಲಾಗ್ ಬರೆಯೋದು ನಿಂತಿದೆ. ಮನುಷ್ಯ ನಡೀತಾನೆ, ಮಾತಾಡ್ತಾನೆ, ಬೈಕು ಓಡಿಸ್ತಾನೆ, ಯಾವುದೂ ಡಿಸ್ಕಿಗೆ ಹೋಗಲ್ಲ. ಬರೆಯದೇ ಇದ್ದದ್ದನ್ನ ಆಮೇಲೆ ಯಾವ ಉಪಾಯದಿಂದಲೂ ತೆಗೆಯೋಕೆ ಬರಲ್ಲ. ಹಿಂದಿನ ಕಾಲದ ಪೊಲೀಸರಿಗೂ, ಮಂಪರು ಪರೀಕ್ಷೆಯವರಿಗೂ ಇದ್ದ ಕಲ್ಪನೆ ಅಂದ್ರೆ ನೆನಪು ಒಳಗೆ ಇದೆ, ಬೀಗ ಹಾಕಿದೆ ಅಂತ.

ಪೂರ್ತಿ ಮರೆವು ಇಲ್ಲದಿದ್ರೂ ತೂತು ಬಿದ್ದಿರುತ್ತೆ. ಕೆನಡಾದ ಯೂಲ್ ಮತ್ತು ಟೊಲ್ಲೆಸ್ಟ್ರಪ್ 1990ರಲ್ಲಿ ಕುಡಿದವರ ಮುಂದೆ ಕಳ್ಳತನದ ನಾಟಕ ಆಡಿಸಿದ್ರು. ಕುಡಿಯದವರಿಗಿಂತ ಕಡಿಮೆ ವಿವರ ಅವರಿಗೆ ನೆನಪಿತ್ತು. ಆದ್ರೆ ತಡಮಾಡದೆ ಅವತ್ತೇ ಒಮ್ಮೆ ಕೇಳಿದ್ರೆ, ವಾರ ಬಿಟ್ಟು ಕೇಳಿದಾಗಲೂ ಅದು ಕೈ ಹಿಡೀತು. ಕುಡಿದಿದಾನೆ, ನಾಳೆ ಬರಲಿ ಅಂತ ವಾಪಸ್ ಕಳಿಸೋ ವಾಡಿಕೆ ಎಲ್ಲಾ ಸಲವೂ ಸರಿ ಅಲ್ಲ ಅಂತ ಇದರಿಂದ ಕಾಣುತ್ತೆ. ಆ ನಾಳೆಯೊಳಗೆ ಏನಾಗುತ್ತೆ ನೋಡಿ. ಬೆಳಿಗ್ಗೆ ಚಹಾ ಹೋಟೆಲಿನಲ್ಲಿ ನಾಲ್ಕು ಜನ "ನೀ ಅಲ್ಲೇ ಇದ್ದಿಯಲ್ಲೋ, ಅಂವಾ ಕೊಡ್ಲಿ ಎತ್ತಿದ್ದು ನೀ ನೋಡಿಲ್ಲೇನು?" ಅಂತಾರೆ. ತೂತು ತುಂಬಿಕೊಳ್ಳುತ್ತೆ. ಮೂರನೇ ಸಲ ಹೇಳೋ ಹೊತ್ತಿಗೆ ಕೊಡಲಿಯ ಹಿಡಿಯ ಬಣ್ಣವೂ ಅವನಿಗೆ ಕಾಣಿಸ್ತಾ ಇರುತ್ತೆ. ಅವನು ಸುಳ್ಳು ಹೇಳ್ತಿಲ್ಲ, ಅದೇ ತೊಂದರೆ.

ಸಾಕ್ಷಿಯ ಜಾಗದಲ್ಲಿ ಆರೋಪಿಯನ್ನ ಇಟ್ಟರೆ ಇನ್ನೂ ಕಷ್ಟ. ತನ್ನ ನೆನಪಿನ ಮೇಲೆ ತನಗೇ ನಂಬಿಕೆ ಹೋಗಿ ಎದುರಿನವರ ಮಾತನ್ನ ನಂಬೋ ಸ್ಥಿತಿಗೆ ಗುಡ್ಯೋನ್ಸನ್ ಮತ್ತು ಮ್ಯಾಕ್‌ಕೀತ್ 1982ರಲ್ಲೇ ಒಂದು ಹೆಸರಿಟ್ಟಿದ್ರು. ಕನ್ನಡದಲ್ಲಿ ನೆನಪಿನ ಅಪನಂಬಿಕೆ ಅನ್ನಬಹುದು. ಅವರ ಐಸ್‌ಲ್ಯಾಂಡಿನಲ್ಲೇ ಇದರ ದೊಡ್ಡ ಪ್ರಕರಣ ಇತ್ತು. 1974ರಲ್ಲಿ ಗುಡ್‌ಮುಂಡುರ್, ಗೈರ್‌ಫಿನ್ನುರ್ ಅನ್ನೋ ಇಬ್ಬರು ಬೇರೆ ಬೇರೆ ತಿಂಗಳಲ್ಲಿ ಕಾಣೆಯಾದ್ರು. ಹೆಣ ಇವತ್ತಿಗೂ ಸಿಕ್ಕಿಲ್ಲ. ಆರು ಯುವಕ ಯುವತಿಯರನ್ನ ಹಿಡಿದು ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿಟ್ಟು, ಮತ್ತೆ ಮತ್ತೆ ಅದದೇ ಪ್ರಶ್ನೆ ಕೇಳಿದ್ರು. ಒಬ್ಬನಂತೂ 655 ದಿನ ಒಂಟಿಯಾಗಿದ್ದ. ಕೊನೆಗೆ ಎಲ್ಲರೂ ಸಹಿ ಹಾಕಿದ್ರು, ಕೆಲವರು ತಾವೇ ಮಾಡಿರಬೇಕು ಅಂತ ನಂಬಿಯೇ ಬಿಟ್ಟಿದ್ರು. 2018ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರಲ್ಲಿ ಐವರನ್ನ ಕೊಲೆ ಆರೋಪದಿಂದ ಬಿಡುಗಡೆ ಮಾಡಿತು. ಅಷ್ಟರಲ್ಲಿ ಇಬ್ಬರು ತೀರಿಹೋಗಿದ್ರು.

ಕೊನೆಯದೊಂದು ಸ್ಥಿತಿ ಇದೆ, ಕುಡಿತ ನಿಂತಾಗಿನದು. ದಿನಾ ಕುಡಿಯೋನು ಒಳಗೆ ಹೋದರೆ ಬಾಟಲಿ ತಪ್ಪುತ್ತೆ. ಮೊದಲ ದಿನದಲ್ಲೇ ಕೈ ನಡುಕ, ಬೆವರು, ನಿದ್ದೆ ಇಲ್ಲ. ಇವರಲ್ಲಿ ಕೆಲವರಿಗೆ ಎರಡರಿಂದ ನಾಲ್ಕನೇ ದಿನದ ನಡುವೆ ನಡುಕದ ಸನ್ನಿ ಬರುತ್ತೆ. ಡೆಲಿರಿಯಂ ಟ್ರೆಮೆನ್ಸ್. ಇಲ್ಲದ್ದು ಕಾಣುತ್ತೆ, ಕೇಳುತ್ತೆ. ಜರ್ಮನಿಯ ಹ್ಯೂಗೋ ಲೀಪ್‌ಮನ್ 1895ರಲ್ಲಿ ಬರೆದ ಹಾಗೆ, ಇಂಥ ರೋಗಿಯ ಮುಚ್ಚಿದ ಕಣ್ಣಿನ ಮೇಲೆ ಮೆಲ್ಲಗೆ ಒತ್ತಿ "ಏನು ಕಾಣುತ್ತೆ?" ಅಂದ್ರೆ ಏನೋ ಒಂದು ಕಾಣ್ತಾನೇ ಇರುತ್ತೆ. ಹಳೇ ವೈದ್ಯರ ಇನ್ನೊಂದು ಪರೀಕ್ಷೆ ನನ್ನ ತಲೆಯಿಂದ ಹೋಗಿಲ್ಲ. ಅವನ ಕೈಗೆ ಒಂದು ಕೋರಾ ಹಾಳೆ ಕೊಟ್ಟು ಓದು ಅನ್ನೋದು. ಅವನು ಓದ್ತಾನೆ.

ಈಗ ಈ ದಿನಗಳನ್ನ ನಮ್ಮ ಕಾನೂನಿನ ಗಡಿಯಾರದ ಪಕ್ಕ ಇಟ್ಟು ನೋಡಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಅಲ್ಲಿ ತಪ್ಪೊಪ್ಪಿಗೆ ಕೊಡ್ತೀನಿ ಅಂದ್ರೆ, ಯೋಚಿಸೋಕೆ ಕನಿಷ್ಠ 24 ಗಂಟೆ ಕೊಡೋದು ಒಳ್ಳೇದು ಅಂತ ಸುಪ್ರೀಂ ಕೋರ್ಟ್ 1957ರಲ್ಲಿ ಸರ್ವನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪೊಲೀಸರ ನೆರಳಿನಿಂದ ದೂರ ಕೂತು ತಿಳಿ ಮನಸ್ಸಿನಿಂದ ಯೋಚಿಸಲಿ ಅನ್ನೋ ಒಳ್ಳೇ ಉದ್ದೇಶ. ಬೇರೆಯವರಿಗೆ ಅದು ಸರಿಯೇ. ದಿನಾ ಕುಡಿಯೋನಿಗೆ ಮಾತ್ರ ಆ ಎರಡನೇ ದಿನ ಮುಗಿದು ಮೂರನೇ ದಿನ ಶುರುವಾಗೋ ಹೊತ್ತು ಅಂದ್ರೆ ಕೋರಾ ಹಾಳೆ ಓದೋ ಹೊತ್ತು.

ಹುಮನಾಬಾದ್ ಹೆದ್ದಾರಿಯಲ್ಲಿ ಬೈಕು ನಿಲ್ಲಿಸಿ ಊದಿಸ್ತಾರೆ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ದಾಟಿದ್ರೆ ಕೇಸು. ಅದೇ ರಸ್ತೆಯಲ್ಲಿ ಅಪಘಾತ ನೋಡಿದವನ ಹೇಳಿಕೆ ಬರಕೊಳ್ಳುವಾಗ, ನೋಡಿದ ಹೊತ್ತಿಗೆ ಅವನು ಎಷ್ಟು ಕುಡಿದಿದ್ದ ಅಂತ ಅಳೆಯಬೇಕು ಅನ್ನೋ ನಿಯಮ ಕಾಯ್ದೆಯಲ್ಲಿಲ್ಲ. 2023ರಲ್ಲಿ ಸಾಕ್ಷ್ಯ ಕಾಯ್ದೆಯನ್ನೇ ಹೊಸದಾಗಿ ಬರೆದರು, ಹೆಸರು ಭಾರತೀಯ ಸಾಕ್ಷ್ಯ ಅಧಿನಿಯಮ ಅಂತ ಆಯ್ತು, 2024ರ ಜುಲೈ 1ರಿಂದ ಜಾರಿ. ಹಳೇ 29ನೇ ಕಲಮು ಈಗ 22ನೇ ಕಲಮಿನ ಒಳಗಿನ ಒಂದು ಪರಂತುಕ. ಕುಡಿದಿದ್ದ ಅನ್ನೋ ಪದ ಅಲ್ಲೇ ಇದೆ.